ಅದಿರು ನಮ್ಮದು, ಅರಿವು ಯಾರದು?

(ರಾಜ್ಯೋತ್ಸವದ ಅಂಗವಾಗಿ ವಿಜಯನಗರದಲ್ಲಿ ನಡೆದ ಯುವಜನರ ಸಭೆಯಲ್ಲಿ ಗಣಿ ಎಂಜಿನಿಯರೊಬ್ಬರು ಮಾಡಿದ ಭಾಷಣದ ಬರಹರೂಪ.)



ರಾಜ್ಯೋತ್ಸವದ ಸಭೆ ಎಂದರೆ ನಾಮಫಲಕ, ಗಡಿ, ಕಾವೇರಿ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ನನ್ನನ್ನು ಕರೆದ ಗೆಳೆಯರು, "ನೀವು ಗಣಿಯವರು, ಗಣಿಯ ಓದಿನ ಬಗ್ಗೆಯೇ ಹೇಳಿ" ಎಂದರು. ಗಣಿ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡುವುದು ಹೇಗೆ ಎಂಬುದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ನೆಲ, ಜಲ, ಭಾಷೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಜಲಕ್ಕಾಗಿ ಬೀದಿಗಿಳಿದಿದ್ದೇವೆ, ಭಾಷೆಗಾಗಿ ಬೀದಿಗಿಳಿದಿದ್ದೇವೆ. ನೆಲ ಎಂದರೆ ಮಾತ್ರ ನಮಗೆ ಗಡಿಯ ಗೆರೆಯಷ್ಟೇ ಕಾಣುತ್ತದೆ. ಆ ಗೆರೆಯ ಒಳಗಿನ ಮಣ್ಣಿನ ಹೊಟ್ಟೆಯಲ್ಲಿ ಏನಿದೆ, ಅದನ್ನು ಅಗೆಯುವ ವಿದ್ಯೆ ಯಾರ ಕೈಯಲ್ಲಿದೆ ಎಂದು ನಾವು ಕೇಳಿದ್ದು ಕಡಿಮೆ.

ಇಲ್ಲಿ ಕೂತಿರುವ ಹುಡುಗರಿಗೆಲ್ಲ ಕೆ.ಜಿ.ಎಫ್. ಗೊತ್ತು. 2018ರಲ್ಲಿ ಆ ಹೆಸರಿನ ಕನ್ನಡ ಸಿನಿಮಾ ಬಂದು ಇಡೀ ದೇಶವನ್ನು ಗೆದ್ದಿತು. ನಮಗೆಲ್ಲ ಹೆಮ್ಮೆ. ಆದರೆ ಒಂದು ಪ್ರಶ್ನೆ. ಚಿನ್ನದ ಗಣಿಯ ಕಥೆ ಕನ್ನಡದಲ್ಲಿ ಬಂತು, ಚಿನ್ನದ ಗಣಿಯ ವಿದ್ಯೆ ಕನ್ನಡದಲ್ಲಿ ಬಂತೇ?

ಕೋಲಾರ ಕಲಿಸಿದ ಪಾಠ

ನಿಜವಾದ ಕೆ.ಜಿ.ಎಫ್. ಕಥೆ ಕೇಳಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು ಆ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಆ ನೆಲದಿಂದ ಹೊರಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಕೊಟ್ಟಿತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು.

ಈ ನೂರಿಪ್ಪತ್ತು ವರ್ಷ ಅಲ್ಲಿ ಅಪ್ಪಣೆ ಕೊಟ್ಟವರು ಯಾರು? ಬಹುಕಾಲ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು. ಜೀವ ಒತ್ತೆಯಿಟ್ಟು ಕೆಳಗಿಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ಬಡ ತಮಿಳು ಕುಟುಂಬಗಳು. ಆ ಕಾರ್ಮಿಕರ ಬಗ್ಗೆ ನನಗೆ ಗೌರವವಿದೆ. ಆ ಬಿಸಿಯಲ್ಲಿ, ಆ ಧೂಳಿನಲ್ಲಿ ಶ್ವಾಸಕೋಶ ಕಳೆದುಕೊಂಡವರು ಅವರು. ನನ್ನ ಜಗಳ ಅವರ ಮೇಲಲ್ಲ. ನನ್ನ ಪ್ರಶ್ನೆ ನಮ್ಮವರಿಗೆ. ಗಣಿ ನಮ್ಮ ನೆಲದ್ದು, ನೀರು ನಮ್ಮ ನದಿಯದು, ವಿದ್ಯೆ ಯಾರದು? ನಕ್ಷೆ ಓದುವವನು ಬೇರೆ, ಮದ್ದು ಇಡುವವನು ಬೇರೆ, ಸುತ್ತಲ ಹಳ್ಳಿಯ ರೈತ ದೂರದಿಂದ ಸೈನೈಡ್ ಗುಡ್ಡ ನೋಡುತ್ತಾ ನಿಂತವನು! ಗಣಿ ಮುಚ್ಚಿದಾಗ ನಮಗೆ ಉಳಿದದ್ದು ಆ ಗುಡ್ಡೆಗಳು. ಆ ಗುಡ್ಡೆಗಳ ಮಣ್ಣಿನಲ್ಲೂ ಇನ್ನೂ ಚಿನ್ನದ ಅಂಶ ಇದೆ. ಅದನ್ನು ತೆಗೆಯುವ ಮಾತು ಈಗ ನಡೆದಿದೆ. ಈ ಸಲವಾದರೂ ಆ ಕೆಲಸದ ಮುಂದೆ ನಮ್ಮ ಹುಡುಗರು ನಿಲ್ಲಬೇಡವೇ?

ರಾಯಚೂರು ಜಿಲ್ಲೆಯ ಹಟ್ಟಿ ಇನ್ನೊಂದು ಕಥೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲ್ಲಿ ಚಿನ್ನ ತೆಗೆದ ಗುರುತುಗಳಿವೆ. ಹತ್ತಿರದ ಮಸ್ಕಿಯಲ್ಲಿ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಚಿನ್ನ ಹುಡುಕುತ್ತಿದ್ದ ಒಬ್ಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದು! ಇವತ್ತು ಹಟ್ಟಿ ಗಣಿ ಕರ್ನಾಟಕ ಸರ್ಕಾರದ ಕಂಪನಿಯ ಕೈಯಲ್ಲಿದೆ. ನಮ್ಮ ಜನ ಅಲ್ಲಿ ಕೆಳಗಿಳಿಯುತ್ತಾರೆ, ಮೇಲೂ ಕೂರುತ್ತಾರೆ. ಕನ್ನಡದವನಿಗೆ ಗಣಿ ಒಗ್ಗದು ಎನ್ನುವವರಿಗೆ ಹಟ್ಟಿಯೇ ಉತ್ತರ.

ಏನಿದು ಈ ಓದು?

ಗಣಿ ಎಂಜಿನಿಯರಿಂಗ್ ಎಂದರೆ ಗುದ್ದಲಿ ಹಿಡಿಯುವುದಲ್ಲ. ಒಂದು ಲೆಕ್ಕ ಹೇಳುತ್ತೇನೆ. ಬಂಡೆಯ ಒಳಗೆ ಒಂದು ಕಿಲೋಮೀಟರ್ ಆಳಕ್ಕೆ ಹೋದರೆ, ನಿಮ್ಮ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಸುಮಾರು 270 ಕಿಲೋ ಭಾರ ಕೂತಿರುತ್ತದೆ. ಮೂರು ಕಿಲೋಮೀಟರ್ ಇಳಿದರೆ 800 ಕಿಲೋ ದಾಟುತ್ತದೆ. ಆ ಭಾರ ಹೊತ್ತ ಬಂಡೆಯಲ್ಲಿ ನೀವು ಒಂದು ಸುರಂಗ ಕೊರೆದರೆ ಆ ಭಾರ ಎಲ್ಲಿಗೆ ಹೋಗಬೇಕು? ಸುರಂಗದ ಗೋಡೆಗೆ. ಗೋಡೆ ತಡೆಯದಿದ್ದರೆ ಬಂಡೆ ಸಿಡಿಗುಂಡಿನಂತೆ ಒಳಕ್ಕೆ ಹಾರುತ್ತದೆ. ಕೋಲಾರದಲ್ಲಿ ಇಂಥ ಸಿಡಿತಕ್ಕೆ ಬಲಿಯಾದವರು ಬಹಳ. ಬಂಡೆಯ ಈ ಸ್ವಭಾವ ಓದುವುದೇ ಶಿಲಾಬಲ ವಿಜ್ಞಾನ. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಅಲ್ಲಿ ಮನುಷ್ಯ ಉಸಿರಾಡಬೇಕಾದರೆ ಮೇಲಿನಿಂದ ಗಾಳಿ ಹೇಗೆ ಕಳಿಸಬೇಕು ಎಂಬುದು ಇನ್ನೊಂದು ಶಾಸ್ತ್ರ. ಎಷ್ಟು ಕುಳಿ, ಎಷ್ಟು ಮದ್ದು, ಯಾವ ಕುಳಿ ಮೊದಲು ಸಿಡಿಯಬೇಕು ಎಂಬುದು ಮತ್ತೊಂದು. ಅಗೆದ ಮೇಲೆ ಗುಡ್ಡವನ್ನು ಮತ್ತೆ ಹಸಿರು ಮಾಡುವುದು ಹೇಗೆ ಎಂಬುದು ಇನ್ನೂ ಒಂದು.

ಈ ವಿಷಯಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಆಳಕ್ಕೆ ಹೋಗುವುದೇ ಎಂ.ಟೆಕ್. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲ ವರ್ಷ ಪಾಠ, ಎರಡನೆಯ ವರ್ಷ ಬಹುಪಾಲು ನಿಮ್ಮದೇ ಸಂಶೋಧನೆಯ ಪ್ರಬಂಧ.

ಬಾಗಿಲು ಯಾವುದು? ಗೇಟ್ ಪರೀಕ್ಷೆ. ಅದರಲ್ಲಿ ಗಣಿ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಬುದ್ಧಿಮತ್ತೆ, ಉಳಿದದ್ದು ಗಣಿತ ಮತ್ತು ಗಣಿ ವಿಷಯ. ಅಂಕಕ್ಕೆ ಮೂರು ವರ್ಷ ಬೆಲೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಹಲವು ವರ್ಷಗಳಿಂದ ಇದೆ. ಅಪ್ಪನ ಮುಂದೆ ಕೈಚಾಚದೆ ಓದಬಹುದು. ಕೋಲ್ ಇಂಡಿಯಾದಂಥ ಸರ್ಕಾರಿ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಇದೇ ಅಂಕ ನೋಡಿದ್ದುಂಟು.

ಎಲ್ಲಿ ಓದುವುದು? ದೊಡ್ಡ ಹೆಸರು ಧನ್‌ಬಾದ್. 1926ರಲ್ಲಿ ಶುರುವಾದ ಗಣಿ ಶಾಲೆ, 2016ರಲ್ಲಿ ಐ.ಐ.ಟಿ. ಆಯಿತು. ಖರಗ್‌ಪುರ, ಬನಾರಸ್, ರೂರ್ಕೆಲಾ, ನಾಗಪುರಗಳಲ್ಲೂ ಗಣಿ ವಿಭಾಗಗಳಿವೆ. ನಮ್ಮ ರಾಜ್ಯದಲ್ಲಿ ಸುರತ್ಕಲ್ ಇದೆ. 1960ರಲ್ಲಿ ಹುಟ್ಟಿದ ನಮ್ಮ ಕೆ.ಆರ್.ಇ.ಸಿ.ಯೇ 2002ರಲ್ಲಿ ಎನ್.ಐ.ಟಿ. ಆದದ್ದು. ಅಲ್ಲಿ ಪದವಿಯಿಂದ ಪಿಎಚ್.ಡಿ.ವರೆಗೆ ಗಣಿ ವಿದ್ಯೆ ಇದೆ. ಕೆ.ಜಿ.ಎಫ್.ನ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿನಲ್ಲಿ ಗಣಿ ಎಂಜಿನಿಯರಿಂಗ್ ಪದವಿ ಓದಬಹುದು. ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆ, ಅಂದರೆ ಅದಿರಿನಿಂದ ಬೇಕಾದ ಖನಿಜವನ್ನು ಬೇರ್ಪಡಿಸುವ ವಿದ್ಯೆ ಇದೆ. ಗಣಿಗಳ ನಟ್ಟನಡುವೆ ಇರುವ ಆ ಕೇಂದ್ರದ ಹೆಸರು ಬೆಂಗಳೂರಿನ ಎಷ್ಟು ಹುಡುಗರಿಗೆ ಗೊತ್ತು?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಂ.ಟೆಕ್. ಮಾಡಿದ ಮಾತ್ರಕ್ಕೆ ಯಾರೂ ಗಣಿಯ ಮ್ಯಾನೇಜರ್ ಆಗುವುದಿಲ್ಲ. ಅದಕ್ಕೆ ಗಣಿ ಸುರಕ್ಷತಾ ನಿರ್ದೇಶನಾಲಯ ಕೊಡುವ ಫಸ್ಟ್ ಕ್ಲಾಸ್ ಪ್ರಮಾಣಪತ್ರ ಬೇಕು, ಅದಕ್ಕೆ ಗಣಿಯಲ್ಲಿ ದುಡಿದ ಅನುಭವ ಬೇಕು. ಆದ್ದರಿಂದ ಪದವಿ ಮುಗಿದ ಕೂಡಲೇ ಮೇಲಿನ ಓದೋ, ಮೊದಲು ಒಂದೆರಡು ವರ್ಷ ಗಣಿಯ ದುಡಿಮೆಯೋ ಎಂದು ಯೋಚಿಸಿ ಹೆಜ್ಜೆ ಇಡಿ. ಅಧ್ಯಾಪಕರಾಗಬೇಕು, ಸಂಶೋಧನೆ ಮಾಡಬೇಕು ಎನ್ನುವವರಿಗೆ ಮೊದಲ ದಾರಿ. ಗಣಿ ನಡೆಸಬೇಕು ಎನ್ನುವವರಿಗೆ ಎರಡನೆಯದು. ಹೆಣ್ಣುಮಕ್ಕಳಿಗೂ ಹೇಳುತ್ತೇನೆ. ನೆಲದಡಿಯ ಗಣಿಯಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ 2019ರಲ್ಲೇ ಕೇಂದ್ರ ಸರ್ಕಾರ ನಿಮಗೆ ಬಾಗಿಲು ತೆರೆದಿದೆ. ಮನೆಯವರು ಮುಚ್ಚಬೇಡಿ!

ನಮ್ಮ ಬಡಾವಣೆಯ ಪಕ್ಕದಲ್ಲೇ

ಗಣಿ ಎಂದರೆ ಬಳ್ಳಾರಿ, ಬೆಂಗಳೂರಿನವರಿಗೆ ಏನು ಎನ್ನುವಿರಾ? ದೇಶದ ಗಣಿ ಯೋಜನೆಗಳನ್ನು ಪರಿಶೀಲಿಸುವ ಭಾರತೀಯ ಗಣಿ ಬ್ಯೂರೋದ ಕಚೇರಿ ಯಶವಂತಪುರದಾಚೆ ಗೊರಗುಂಟೆಪಾಳ್ಯದಲ್ಲಿದೆ. ರಾಜಾಜಿನಗರದವರಿಗೆ ಕೂಗಳತೆ ದೂರ. ಯುರೇನಿಯಂನಂಥ ಅಣುಖನಿಜ ಹುಡುಕುವ ಕೇಂದ್ರ ನಿರ್ದೇಶನಾಲಯದ ಪ್ರಾದೇಶಿಕ ಕಚೇರಿ ನಾಗರಬಾವಿಯಲ್ಲಿದೆ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಇದೆ ಎಂದು ಕಂಡದ್ದು ಇದೇ ನಿರ್ದೇಶನಾಲಯ. 1988ರಲ್ಲಿ ಕೆ.ಜಿ.ಎಫ್.ನಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾಬಲ ವಿಜ್ಞಾನ ಸಂಸ್ಥೆ ಈಗ ಬನಶಂಕರಿಯಲ್ಲಿದೆ. ನಾವು ದಿನಾ ಬಸ್ಸಿನಲ್ಲಿ ಈ ಬೋರ್ಡುಗಳ ಮುಂದೆ ಹೋಗುತ್ತೇವೆ. ಒಳಗೆ ಎಷ್ಟು ಮಂದಿ ನಮ್ಮವರು ಎಂದು ಕೇಳುವುದಿಲ್ಲ.

ಇನ್ನೊಂದು ಹೇಳುತ್ತೇನೆ, ಕೆಂಗೇರಿಯ ಹುಡುಗರು ಕಿವಿಗೊಟ್ಟು ಕೇಳಿ. 2016ರ ಖನಿಜ ರಿಯಾಯತಿ ನಿಯಮಗಳು ಗಣಿ ಯೋಜನೆ ತಯಾರಿಸಲು ಗಣಿ ಎಂಜಿನಿಯರಿಂಗ್ ಪದವಿ ಇದ್ದವರಷ್ಟೇ ಅಲ್ಲ, ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಇದ್ದವರೂ ಅರ್ಹರು ಎಂದವು, ಜೊತೆಗೆ ಐದು ವರ್ಷದ ಅನುಭವ ಇರಬೇಕು. ಭೂವಿಜ್ಞಾನದ ಎಂ.ಎಸ್ಸಿ. ಎಲ್ಲಿದೆ? ನಿಮ್ಮ ಮನೆ ಬಾಗಿಲಲ್ಲಿ, ಜ್ಞಾನಭಾರತಿಯಲ್ಲಿ! ಬಿ.ಎಸ್ಸಿ. ಓದಿದ, ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೂ ಗಣಿಯ ದಾರಿ ಅಲ್ಲಿಂದ ತೆರೆಯುತ್ತದೆ.

ವಿಜಯನಗರದಲ್ಲಿ ಮೆಟ್ರೋ ಹತ್ತಿ. ಮಾಗಡಿ ರಸ್ತೆ ನಿಲ್ದಾಣ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. 2016ರಲ್ಲಿ ಶುರುವಾದ ಆ ಸುರಂಗ ಸಾಗಿರುವುದು ಗಟ್ಟಿ ಬಂಡೆಯ ನಾಡಿನಲ್ಲಿ. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷದ ಆ ಶಿಲೆಯ ಬಳಗವೇ ಊರಿನ ಕೆಳಗೂ ಹಬ್ಬಿದೆ. ಅದನ್ನು ಕೊರೆಯುವ ವಿದ್ಯೆಯೂ ಗಣಿ ವಿದ್ಯೆಯ ಅಣ್ಣತಮ್ಮ. ಹಸಿರು ಮಾರ್ಗದ ಸುರಂಗ ಕೊರೆದ ಯಂತ್ರಗಳಿಗೆ ಕೃಷ್ಣಾ, ಕಾವೇರಿ, ಗೋದಾವರಿ ಎಂದು ಹೆಸರಿಟ್ಟರು. ಸಂತೋಷ. ಯಂತ್ರಕ್ಕೆ ನಮ್ಮ ನದಿಯ ಹೆಸರಿದ್ದರೆ ಸಾಲದು, ಅದನ್ನು ನಡೆಸುವವನ ಬಾಯಲ್ಲೂ ನಮ್ಮ ಭಾಷೆ ಇರಬೇಕು.

ಭಾಷೆ ಜೀವ ಉಳಿಸುತ್ತದೆ

ನಾನು ಬಸವೇಶ್ವರನಗರದ ಹುಡುಗ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಹೊರರಾಜ್ಯದ ಒಂದು ಕಾಲೇಜಿನಲ್ಲಿ ಎಂ.ಟೆಕ್. ಮಾಡಿದೆ. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ, ತರಗತಿಯ ಹೊರಗೆ ಮೇಷ್ಟರು ಅಲ್ಲಿಯ ಹುಡುಗರಿಗೆ ಅವರ ಮಾತಿನಲ್ಲಿ ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದರು. ನಾವು ಮೂರು ಮಂದಿ ಕನ್ನಡದವರು ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ನಮ್ಮ ನಮ್ಮಲ್ಲೇ ಕನ್ನಡದಲ್ಲಿ ಬಿಡಿಸಿಕೊಂಡೆವು. ಪಾಸಾದೆವು, ಚೆನ್ನಾಗಿಯೇ ಪಾಸಾದೆವು. ಆಮೇಲೆ ನಮ್ಮ ರಾಜ್ಯದಲ್ಲೇ ಒಂದು ಗಣಿ ಕಂಪನಿಯ ಸಂದರ್ಶನ. "ಹಿಂದಿ ಬರುತ್ತದೆಯೇ?" ಎಂದು ಕೇಳಿದರು. "ಕನ್ನಡ ಬರುತ್ತದೆಯೇ?" ಎಂದು ಒಬ್ಬರೂ ಕೇಳಲಿಲ್ಲ. ಆ ಗಣಿಯಲ್ಲಿ ಡ್ರಿಲ್ ಹಿಡಿಯುವವರೆಲ್ಲ ಕನ್ನಡದವರು!

ಇದು ಬರೀ ಅಭಿಮಾನದ ಮಾತಲ್ಲ. ಕೆಲಸ ಸಿಕ್ಕ ಮೊದಲ ವರ್ಷ ನೆಲದಡಿಯ ಗಣಿಯೊಂದರಲ್ಲಿ ನನ್ನ ಜೊತೆಗಿದ್ದ ಹಿರಿಯ ಕೆಲಸಗಾರರೊಬ್ಬರು ಒಂದು ದಿನ ನಿಂತು, "ಸಾಹೇಬ್ರ, ಬಂಡಿ ಮಾತಾಡ್ಲಿಕತ್ತೈತ್ರಿ" ಎಂದರು. ಬಂಡೆಯೊಳಗೆ ಚಿಟಚಿಟ ಸದ್ದು. ಬೀಳುವ ಮುನ್ನ ಬಂಡೆ ಹಾಗೆ ಸದ್ದು ಮಾಡುತ್ತದೆ. ನಾವು ಎಲ್ಲರನ್ನೂ ಹಿಂದಕ್ಕೆ ಕರೆದೆವು. ಸ್ವಲ್ಪ ಹೊತ್ತಿಗೆ ಚಾವಣಿಯ ಕಲ್ಲು ಕಳಚಿ ಬಿತ್ತು. ಆ ಮಾತು ಅರ್ಥವಾಗದ ಅಧಿಕಾರಿ ಅಲ್ಲಿದ್ದಿದ್ದರೆ? "ಕ್ಯಾ ಬೋಲಾ?" ಎಂದು ಕೇಳುವಷ್ಟರಲ್ಲಿ ಆಗುವುದು ಆಗಿಹೋಗುತ್ತಿತ್ತು. ಗಣಿಯಲ್ಲಿ ಕನ್ನಡ ಎಂದರೆ ಪ್ರಾಣದ ಪ್ರಶ್ನೆ.

1952ರ ಗಣಿ ಕಾಯ್ದೆ ಇದನ್ನು ಅರಿತಿತ್ತು. ಕಾನೂನಿನ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ನಿಗದಿಪಡಿಸಿದ ಬೇರೆ ಭಾಷೆಗಳಲ್ಲೂ ಗಣಿಯ ಹತ್ತಿರ ತೂಗುಹಾಕಬೇಕು ಎಂದಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕಾರ್ಮಿಕ ಸಂಹಿತೆ ಬಂದಿದೆ. ಬೋರ್ಡು ತೂಗುಹಾಕಿದರೆ ಮುಗಿಯಿತೇ? 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕಲ್ಲುಕ್ವಾರಿಯ ಜಿಲೆಟಿನ್ ಸಿಡಿದು ಬಡವರು ಛಿದ್ರವಾದರು. ಮದ್ದು ಹೇಗೆ ಇಡಬೇಕು, ಹೇಗೆ ಸಾಗಿಸಬೇಕು ಎಂದು ಅವರ ಮಾತಿನಲ್ಲಿ ಹೇಳುವವರು ಎಷ್ಟು ಕ್ವಾರಿಗಳಲ್ಲಿ ಇದ್ದಾರೆ?

ಇನ್ನು ಗಣಿಯ ಸುತ್ತಲ ಹಳ್ಳಿಯವರ ಮಾತು. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅಲ್ಲಿ ಸಾರಾಂಶ ಮಾತ್ರ ಕನ್ನಡದಲ್ಲಿ, ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ. ಅಂತರ್ಜಲ ಎಷ್ಟು ಇಳಿಯುತ್ತದೆ, ಧೂಳು ಎಷ್ಟು ದೂರ ಹಾರುತ್ತದೆ ಎಂಬುದೆಲ್ಲ ಒಳಪುಟಗಳಲ್ಲಿ! 2020ರಲ್ಲಿ ಪರಿಸರ ಅಧಿಸೂಚನೆಯ ಹೊಸ ಕರಡು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ತರಬೇಕೆಂದು ದೆಹಲಿ ಹೈಕೋರ್ಟೇ ಹೇಳಬೇಕಾಯಿತು. ಬಳ್ಳಾರಿಯಲ್ಲಿ ಏನು ನಡೆಯಿತೆಂದು ನೆನಪಿದೆಯಲ್ಲ? 2011ರ ಲೋಕಾಯುಕ್ತ ವರದಿ ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದಿತು. ಅದೇ ವರ್ಷ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಂಡೂರಿನ ಹಳ್ಳಿ ಹಳ್ಳಿಯಲ್ಲಿ ಗಣಿ ನಕ್ಷೆ ಓದಬಲ್ಲ ಒಬ್ಬೊಬ್ಬ ಓದಿದ ಹುಡುಗ ಇದ್ದಿದ್ದರೆ, ಗಡಿಕಲ್ಲು ದಾಟಿ ಗುಡ್ಡ ಕರಗಿಸುವುದು ಅಷ್ಟು ಸಲೀಸಾಗುತ್ತಿತ್ತೇ?

ನಮ್ಮ ಬೇಡಿಕೆಗಳು

ಸರೋಜಿನಿ ಮಹಿಷಿ ವರದಿ ಬಂದದ್ದು 1980ರ ದಶಕದಲ್ಲಿ. ಅದಕ್ಕಾಗಿ ಇಂದಿಗೂ ಹೋರಾಡುತ್ತಿದ್ದೇವೆ. 2024ರ ಜುಲೈಯಲ್ಲಿ ಸ್ಥಳೀಯರ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿಯಿತು. ಹೋರಾಟ ಬಿಡಬಾರದು. ಆದರೆ ನಾಳೆ ಕಾನೂನು ಬಂದು, "ಕೊಡಿ, ನೂರು ಮಂದಿ ಕನ್ನಡಿಗ ಗಣಿ ಮ್ಯಾನೇಜರುಗಳನ್ನು" ಎಂದರೆ ನಮ್ಮ ಹತ್ತಿರ ಇದ್ದಾರೆಯೇ? ಪ್ರಮಾಣಪತ್ರ ಇಲ್ಲದವನನ್ನು ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಲು ಯಾವ ಮೀಸಲಾತಿಗೂ ಸಾಧ್ಯವಿಲ್ಲ. ಹಕ್ಕು ಕೇಳುವ ಕೈಗೆ ವಿದ್ಯೆಯ ಬಲವೂ ಬೇಕು.

ಸರ್ಕಾರಗಳಿಗೆ ನಮ್ಮ ಬೇಡಿಕೆ ಇಷ್ಟು.

ಒಂದು, ಜೆ.ಇ.ಇ. ಮುಖ್ಯ ಪರೀಕ್ಷೆ 2021ರಿಂದ ಕನ್ನಡದಲ್ಲೂ ನಡೆದಿದೆ. ಗೇಟ್ ಮಾತ್ರ ಇಂಗ್ಲಿಷಿನಲ್ಲೇ ಇದೆ. ಅಲ್ಲೂ ಕನ್ನಡ ಬರಲಿ.

ಎರಡು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇರುವುದು ಗಣಿ ಸೀಮೆಯ ಪಕ್ಕದಲ್ಲೇ. ಅದೂ ನಂದಿಹಳ್ಳಿಯ ಕೇಂದ್ರವೂ ಕೂಡಿ ಗಣಿ ಪದಕೋಶ ತರಲಿ. ಹೊಸ ಪದ ಹುಟ್ಟಿಸಬೇಕಾಗಿಲ್ಲ. ಅದಿರು, ಕುಳಿ, ಮದ್ದು, ಬತ್ತಿ, ಜಲ್ಲಿ, ಸೈಜುಗಲ್ಲು, ಚಪ್ಪಡಿ ಎಲ್ಲ ಕಲ್ಲುಕುಟಿಗರ ಬಾಯಲ್ಲಿ ಬದುಕಿವೆ. ಅವರನ್ನು ಕೇಳಿ ಬರೆದುಕೊಳ್ಳಿ, ಸಾಕು.

ಮೂರು, 2015ರಿಂದ ಗಣಿಗಳು ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಗೆ ಹಣ ಕಟ್ಟುತ್ತಿವೆ. ಆ ಹಣದಲ್ಲಿ ಗಣಿಬಾಧಿತ ಹಳ್ಳಿಗಳ ಮಕ್ಕಳಿಗೆ ಗಣಿ ವಿದ್ಯೆ ಓದಲು ವಿದ್ಯಾರ್ಥಿವೇತನ ಕೊಡಿ.

ನಾಲ್ಕು, ಕರ್ನಾಟಕದ ಪ್ರತಿ ಗಣಿಯಲ್ಲಿ, ಪ್ರತಿ ಕ್ವಾರಿಯಲ್ಲಿ ಸುರಕ್ಷತೆಯ ತರಬೇತಿ ಕನ್ನಡದಲ್ಲಿ ನಡೆಯಲಿ. ಕೆಲಸಗಾರರ ಮೇಲೆ ನಿಲ್ಲುವ ಅಧಿಕಾರಿ ಯಾವ ರಾಜ್ಯದವನೇ ಆಗಲಿ, ಕನ್ನಡ ಕಲಿಯಲಿ.

ಹುಡುಗರಿಗೆ, ಹೆತ್ತವರಿಗೆ ಒಂದೆರಡು ಮಾತು. ಹಂಪಿನಗರದ ಗ್ರಂಥಾಲಯದಲ್ಲಿ, ಅತ್ತಿಗುಪ್ಪೆಯ ಕೋಚಿಂಗ್ ಸೆಂಟರುಗಳಲ್ಲಿ ಸಾವಿರಾರು ಕನ್ನಡ ಮಕ್ಕಳು ಕೆ.ಎ.ಎಸ್., ಪಿ.ಎಸ್.ಐ. ಪರೀಕ್ಷೆಗೆ ಹಗಲು ರಾತ್ರಿ ಓದುತ್ತಿದ್ದೀರಿ. ಒಂದು ಹುದ್ದೆಗೆ ನೂರಾರು ಮಂದಿ. ಅದೇ ಶ್ರಮವನ್ನು ನಿಮ್ಮಲ್ಲಿ ಹತ್ತು ಮಂದಿ ಈ ಕಡೆ ತಿರುಗಿಸಿ. ಡಿಪ್ಲೊಮಾ ಮಾಡಿದವರು ಪದವಿಗೆ ಸೇರಿ, ಪದವಿ ಓದುವವರು ಮೂರನೆಯ ವರ್ಷದಿಂದಲೇ ಗೇಟ್‌ಗೆ ಕೂರಿ, ಬಿ.ಎಸ್ಸಿ. ಮಾಡಿದವರು ಭೂವಿಜ್ಞಾನ ನೋಡಿ. ಇಂಗ್ಲಿಷಿಗೆ ಹೆದರಬೇಡಿ, ಅದು ಸಲಕರಣೆ. ಸುತ್ತಿಗೆ ಯಾವ ದೇಶದ್ದಾದರೇನು, ಒಡೆಯುವ ತೋಳು ನಮ್ಮದಾಗಿರಲಿ. ಅರ್ಥ ಮಾಡಿಕೊಳ್ಳುವುದನ್ನು ಕನ್ನಡದಲ್ಲೇ ಮಾಡಿಕೊಳ್ಳಿ, ನಾಲ್ಕು ಜನ ಸೇರಿ ಚರ್ಚಿಸಿ, ಟಿಪ್ಪಣಿ ಕನ್ನಡದಲ್ಲೇ ಬರೆದಿಡಿ. ನಿಮ್ಮ ಹಿಂದೆ ಬರುವ ಹುಡುಗನಿಗೆ ಅದೇ ಮೊದಲ ಪಠ್ಯಪುಸ್ತಕವಾಗುತ್ತದೆ. ಈ ಓದು ಆರಿಸಿಕೊಂಡವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಗೇಟ್‌ಗೆ ಬೇಕಾದ ಗಣಿತವನ್ನೂ ಶಿಲಾಬಲ ವಿಜ್ಞಾನವನ್ನೂ ಭಾನುವಾರದ ಬೆಳಿಗ್ಗೆ ಕನ್ನಡದಲ್ಲಿ ಹೇಳಿಕೊಡಲು ನಾನು ಸಿದ್ಧ. ದುಡ್ಡು ಬೇಡ, ತಪ್ಪದೆ ಬಂದರೆ ಸಾಕು.

ನನ್ನ ಮಾತು ಇಷ್ಟೇ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!